ಮನೆ ಮಗನಿಗೆ, ಊಟ ಸರ್ಕಾರದ್ದು

ಮುಂದಿನ ವರ್ಷ ನನಗೆ 67 ತುಂಬುತ್ತದೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಸರ್ಕಾರದ ವೃದ್ಧಾಪ್ಯ ಪಿಂಚಣಿಗೆ ನಿಗದಿಯಾಗಿರುವ ವಯಸ್ಸು ಅದೇ ಆದ್ದರಿಂದ, ಅರ್ಜಿ ಹಾಕಲು ಇನ್ನೂ ಸಮಯವಿದ್ದರೂ, ಕಳೆದ ತಿಂಗಳು ಒಂದು ಭಾನುವಾರ ನಾನೂ ನನ್ನ ಹೆಂಡತಿಯೂ ಊಟದ ಮೇಜಿನ ಮೇಲೆ ಕಾಗದಪತ್ರ ಹರಡಿಕೊಂಡು, ಆಸ್ತಿಯ ವಿವರ ಕೇಳುವ ನಮೂನೆಯನ್ನು ತುಂಬಿ ನೋಡಲು ಕುಳಿತೆವು. ಬ್ಯಾಂಕಿನ ಠೇವಣಿ, ಇಲ್ಲಿ ಎಲ್ಲರೂ ‘ಸೂಪರ್’ ಎಂದೇ ಕರೆಯುವ ನಿವೃತ್ತಿ ನಿಧಿ, ಹತ್ತು ವರ್ಷ ಹಳೆಯ ಕಾರು, ಮನೆಯೊಳಗಿನ ಸಾಮಾನು, ಪ್ರತಿಯೊಂದಕ್ಕೂ ಬೆಲೆ ಬರೆಯಬೇಕು. ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ ಮನೆಯ ಅರ್ಧ ಪಾಲು ನನ್ನ ಹೆಸರಿನಲ್ಲಿದೆ, ಅದರಲ್ಲಿ ತಮ್ಮನ ಸಂಸಾರವಿದೆ, ನನಗೆ ಅದರಿಂದ ಒಂದು ಪೈಸೆ ಬಾಡಿಗೆ ಬರುವುದಿಲ್ಲ. ಆದರೂ ಅದರ ಇಂದಿನ ಮಾರುಕಟ್ಟೆ ಬೆಲೆಯನ್ನು ಡಾಲರಿಗೆ ಪರಿವರ್ತಿಸಿ ಬರೆಯಲೇಬೇಕು. ಸಿಡ್ನಿಯ ಪಶ್ಚಿಮಕ್ಕಿರುವ ವೆಂಟ್‌ವರ್ತ್‌ವಿಲ್‌ನಲ್ಲಿ ನಾವು ಕುಳಿತಿದ್ದ ಮನೆ ಇವತ್ತು ಮಾರಿದರೆ 15 ಲಕ್ಷ ಡಾಲರಿಗೆ ಕಡಿಮೆ ಬಾರದು. ಅದರ ಬೆಲೆ ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ನಾನು ಕಾಲಿಡದ ಅರ್ಧ ಮನೆ ಆಸ್ತಿ, ನಾನು ಮಲಗಿ ಏಳುವ ಇಡೀ ಮನೆ ಆಸ್ತಿಯಲ್ಲ.

ಈ ವಿಚಿತ್ರಕ್ಕೆ ಹಳೆಯ ಬೇರುಗಳಿವೆ. ಈ ದೇಶದ ಒಕ್ಕೂಟ ಸರ್ಕಾರ ವೃದ್ಧಾಪ್ಯ ಪಿಂಚಣಿಯ ಕಾನೂನು ಮಾಡಿದ್ದು 1908ರಲ್ಲಿ, ಹಣ ಕೊಡಲು ಆರಂಭಿಸಿದ್ದು 1909ರಲ್ಲಿ. ಮೊದಲು ವಾಸದ ಮನೆಯೂ ಲೆಕ್ಕದಲ್ಲಿತ್ತು, 1912ರಲ್ಲಿ ಅದನ್ನು ಕೈಬಿಟ್ಟರು. ದುಡಿದು ಉಳಿಸಿ ಒಂದು ಸೂರು ಮಾಡಿಕೊಂಡ ಕಾರ್ಮಿಕನನ್ನು ಆ ಸೂರಿನ ಕಾರಣಕ್ಕೇ ಶಿಕ್ಷಿಸಬಾರದು ಎಂಬುದು ಆ ಕಾಲಕ್ಕೆ ಸರಿಯಾದ ಮಾತೇ ಆಗಿತ್ತು. ಆಮೇಲೆ 1970ರ ದಶಕದಲ್ಲಿ ವಿಟ್ಲಮ್ ಸರ್ಕಾರ 70 ದಾಟಿದವರಿಗೆ ಯಾವ ಪರಿಶೀಲನೆಯೂ ಇಲ್ಲದೆ ಪಿಂಚಣಿ ಕೊಟ್ಟಿತು, 1985ರಲ್ಲಿ ಹಾಕ್ ಸರ್ಕಾರ ಆಸ್ತಿಯ ಪರಿಶೀಲನೆಯನ್ನು ಮರಳಿ ತಂದಿತು. ಈ ಏರಿಳಿತಗಳಲ್ಲೆಲ್ಲ ವಾಸದ ಮನೆಯನ್ನು ಮತ್ತೆ ಲೆಕ್ಕಕ್ಕೆ ಸೇರಿಸುವ ಧೈರ್ಯ ಯಾರಿಗೂ ಬರಲಿಲ್ಲ. ಮನೆಯಷ್ಟೇ ಅಲ್ಲ, ಅದೇ ಹಕ್ಕುಪತ್ರದಡಿ ಇರುವ ಎರಡು ಹೆಕ್ಟೇರಿನವರೆಗಿನ ಜಾಗಕ್ಕೂ ವಿನಾಯಿತಿ ಇದೆ.

ಇದರ ಪರಿಣಾಮವನ್ನು ಕಾಣಲು ಒಂದು ಸಣ್ಣ ಗಣಿತ ಸಾಕು. 2025ರ ಜುಲೈನ ದರದಂತೆ ಸ್ವಂತ ಮನೆಯಿರುವ ದಂಪತಿಗೆ ಮನೆ ಬಿಟ್ಟು ಉಳಿದ ಆಸ್ತಿ 4,81,500 ಡಾಲರ್ ದಾಟುವವರೆಗೂ ಆಸ್ತಿಯ ಕಾರಣಕ್ಕೆ ಪಿಂಚಣಿ ಕಡಿತವಾಗುವುದಿಲ್ಲ, ಮನೆಯಿಲ್ಲದವರಿಗೆ ಈ ಮಿತಿ 7,39,500. ಮಿತಿ ದಾಟಿದ ಪ್ರತಿ ಸಾವಿರ ಡಾಲರಿಗೆ ಎರಡು ವಾರಕ್ಕೊಮ್ಮೆ ಬರುವ ಪಿಂಚಣಿಯಿಂದ 3 ಡಾಲರ್ ಕತ್ತರಿಸುತ್ತಾರೆ. ಈಗ 20 ಲಕ್ಷ ಡಾಲರಿನ ಮನೆಯಲ್ಲಿ ವಾಸವಿರುವ, ಬ್ಯಾಂಕಿನಲ್ಲಿ 4 ಲಕ್ಷ ಇಟ್ಟಿರುವ ದಂಪತಿಯನ್ನು ಊಹಿಸಿಕೊಳ್ಳಿ. 2025ರ ಸೆಪ್ಟೆಂಬರಿನ ದರದಂತೆ ಅವರಿಗೆ ಎರಡು ವಾರಕ್ಕೆ ಸುಮಾರು 1,777 ಡಾಲರಿನ ಪೂರ್ಣ ಪಿಂಚಣಿ ಸಿಗುತ್ತದೆ. ಮನೆಯೇ ಇಲ್ಲದೆ, ಜೀವಮಾನದ ಉಳಿತಾಯವೆಂದು 9 ಲಕ್ಷ ಇಟ್ಟುಕೊಂಡು ಬಾಡಿಗೆ ಮನೆಯಲ್ಲಿರುವ ದಂಪತಿಗೆ ಸುಮಾರು 480 ಡಾಲರ್ ಕಡಿತವಾಗಿ 1,300ರ ಒಳಗೆ ಬರುತ್ತದೆ. ಒಟ್ಟು ಆಸ್ತಿ 24 ಲಕ್ಷ ಇರುವವರಿಗೆ ಹೆಚ್ಚು, 9 ಲಕ್ಷ ಇರುವವರಿಗೆ ಕಡಿಮೆ. ಎರಡು ಮಿತಿಗಳ ನಡುವಣ ವ್ಯತ್ಯಾಸ 2,58,000 ಡಾಲರ್, ಅಂದರೆ ಕಾನೂನಿನ ಕಣ್ಣಿಗೆ ಒಂದು ಮನೆಯ ಬೆಲೆ ಅಷ್ಟೇ. ಆ ದುಡ್ಡಿಗೆ ಸಿಡ್ನಿಯಲ್ಲಿ ಒಂದು ಅಡುಗೆಮನೆಯಷ್ಟು ಜಾಗವೂ ಸಿಗಲಿಕ್ಕಿಲ್ಲ. ಬಡ ಬಾಡಿಗೆದಾರರಿಗೆಂದು ಬೇರೆ ನೆರವು ಇದೆ, ನಿಜ. ಒಬ್ಬಂಟಿಗೆ ಅದು ಎರಡು ವಾರಕ್ಕೆ 200 ಡಾಲರಿನ ಆಸುಪಾಸು, ನಗರದಲ್ಲಿ ಒಂದೇ ವಾರದ ಬಾಡಿಗೆ ಅದಕ್ಕಿಂತ ಎಷ್ಟೋ ಹೆಚ್ಚು.

ಹಾಗೆಂದು ಬೆಲೆಬಾಳುವ ಮನೆಯಲ್ಲಿರುವ ಮುದುಕರೆಲ್ಲ ಸುಖವಾಗಿದ್ದಾರೆಂದು ನಾನು ಹೇಳಲಾರೆ. ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ ಸಿಡ್ನಿಯ ಮ್ಯಾರಿಕ್‌ವಿಲ್‌ನಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯ ಗ್ರೀಕ್ ಅಜ್ಜಿಯನ್ನು ಇವತ್ತಿಗೂ ವರ್ಷಕ್ಕೆರಡು ಸಲ ನೋಡಿ ಬರುತ್ತೇವೆ. ಆಕೆಯ ಗಂಡ ಕಾರ್ಖಾನೆಯಲ್ಲಿ ದುಡಿದು 1970ರ ದಶಕದಲ್ಲಿ ಕೊಂಡ ಆ ಇಟ್ಟಿಗೆ ಮನೆಗೆ ಈಗ ದಲ್ಲಾಳಿಗಳು 20 ಲಕ್ಷಕ್ಕೂ ಮಿಗಿಲಾದ ಬೆಲೆ ಹೇಳಿ ಚೀಟಿ ಹಾಕಿ ಹೋಗುತ್ತಾರೆ. ಕಳೆದ ಜುಲೈನ ಚಳಿಯಲ್ಲಿ ಹೋದಾಗ ಅಜ್ಜಿ ಎರಡು ಸ್ವೆಟರ್ ತೊಟ್ಟು, ಅಡುಗೆಮನೆಯೊಂದರಲ್ಲಿ ಮಾತ್ರ ಒಂದೇ ಸರಳಿನ ಸಣ್ಣ ಹೀಟರ್ ಹಚ್ಚಿಕೊಂಡು ಕುಳಿತಿದ್ದರು. ನಗರಸಭೆಯ ತೆರಿಗೆ ನೋಟೀಸು ಫ್ರಿಜ್ಜಿನ ಬಾಗಿಲಿಗೆ ಅಂಟಿತ್ತು, ಅದರ ಮೇಲೆ ಯಾವ ಕಂತನ್ನು ಯಾವ ಪಿಂಚಣಿಯಲ್ಲಿ ಕಟ್ಟಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಬಾಡಿಗೆಯ ದಿನಗಳಿಂದ ನಮ್ಮ ಮೇಲೆ ಅವರಿಗಿರುವ ಸಲಿಗೆಯಿಂದ ನಾನು ಕೇಳಿದೆ, ಇಷ್ಟು ದೊಡ್ಡ ಆಸ್ತಿ ಇಟ್ಟುಕೊಂಡು ಯಾಕೆ ಈ ಕಷ್ಟ ಎಂದು. ಮನೆ ಮಗನಿಗೆ ಎಂದರು. ಮಗ ಪರ್ತ್‌ನಲ್ಲಿದ್ದಾನೆ, ಅವನಿಗೆ ಅಲ್ಲಿ ಸ್ವಂತ ಮನೆ ಇದೆ, ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಬರುತ್ತಾನೆ.

ಆ ಮಾತು ನಮ್ಮ ಊರಿನ ಯಾವ ಅಜ್ಜಿಯ ಬಾಯಿಂದಲೂ ಬರಬಹುದಾಗಿತ್ತು. ಆದರೆ ಅದರ ಅರ್ಥ ಎರಡೂ ಕಡೆ ಒಂದೇ ಅಲ್ಲ. ಕರ್ನಾಟಕದಲ್ಲಿ ಮನೆ ಮಗನಿಗೆ ಎನ್ನುವುದು ಒಂದು ಒಪ್ಪಂದದ ಅರ್ಧ ಭಾಗ, ನಿನಗೆ ಮನೆ, ನಮಗೆ ಕೊನೆಯವರೆಗೆ ಊಟ, ಔಷಧಿ, ಹೊತ್ತಿಗೊಂದು ಮಾತು ಎಂಬುದು ಅದರ ಹೇಳದೆ ಉಳಿದ ಇನ್ನರ್ಧ. ಸರ್ಕಾರ ಈ ಒಪ್ಪಂದವನ್ನು ನೆಚ್ಚಿಕೊಂಡೇ ತನ್ನ ಕೈಯನ್ನು ಬಿಗಿ ಹಿಡಿದಿದೆ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ ತಿಂಗಳಿಗೆ ಸಿಗುವುದು 1,200 ರೂಪಾಯಿ. ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 80ರ ಒಳಗಿನವರಿಗೆ ವರ್ಷಾನುಗಟ್ಟಲೆಯಿಂದ 200 ರೂಪಾಯಿಯಲ್ಲೇ ನಿಂತಿದೆ. ಅದಕ್ಕೂ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಬೇಕು, ಬಿಪಿಎಲ್ ಕಾರ್ಡು ಬೇಕು. ಊರಲ್ಲಿ ಕಾರ್ಡಿಗೆ ಅರ್ಹತೆ ತೂಗುವಾಗ ಮನೆ, ಜಮೀನು, ಕಾರು ಎಲ್ಲವೂ ಎಣಿಕೆಗೆ ಬರುತ್ತವೆ. ಅಲ್ಲಿ ಚಿಲ್ಲರೆ ಮೊತ್ತಕ್ಕೂ ಮನೆ ಅಡ್ಡ ಬರುತ್ತದೆ, ಇಲ್ಲಿ ಸಂಸಾರ ಸಾಗಿಸುವಷ್ಟು ಮೊತ್ತಕ್ಕೂ ಅಡ್ಡ ಬರುವುದಿಲ್ಲ.

ನಮ್ಮ ಆ ಒಪ್ಪಂದ ಈಗ ಎಷ್ಟು ಸಡಿಲವಾಗಿದೆ ಎಂಬುದನ್ನು ತಿಳಿಯಲು ಹೊರನಾಡಿಗನ ಉಪದೇಶ ಬೇಕಿಲ್ಲ, 2007ರ ಹಿರಿಯ ನಾಗರಿಕರ ಪಾಲನೆ ಮತ್ತು ಯೋಗಕ್ಷೇಮ ಕಾಯ್ದೆಯ 23ನೇ ಸೆಕ್ಷನ್ ಓದಿದರೆ ಸಾಕು. ನೋಡಿಕೊಳ್ಳುವ ಷರತ್ತಿನ ಮೇಲೆ ಮನೆಯನ್ನು ದಾನಪತ್ರ ಮಾಡಿಸಿಕೊಂಡ ಮಕ್ಕಳು ಮಾತಿಗೆ ತಪ್ಪಿದರೆ, ಆ ಪತ್ರವನ್ನು ಅನೂರ್ಜಿತವೆಂದು ಸಾರುವ ಅಧಿಕಾರ ನ್ಯಾಯಮಂಡಳಿಗಿದೆ, ಉಪವಿಭಾಗಾಧಿಕಾರಿಗಳ ಮುಂದೆ ಇಂಥ ಪ್ರಕರಣಗಳು ಬರುತ್ತಲೇ ಇವೆ. ಕಾನೂನಿನ ಈ ಒಂದು ಸಾಲು ನನಗೆ ಬಹಳ ಮೆಚ್ಚುಗೆಯಾದದ್ದು, ಏಕೆಂದರೆ ಮನೆಗೂ ಆರೈಕೆಗೂ ಇರುವ ನಂಟನ್ನು ಅದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಪಿಂಚಣಿ ನಿಯಮ ಆ ನಂಟನ್ನೇ ಕತ್ತರಿಸಿ ಹಾಕಿದೆ. ಇಲ್ಲಿ ಮಗ ಮಾಡಬೇಕಾದದ್ದನ್ನು ಸರ್ಕಾರ ಮಾಡುತ್ತದೆ, ಮನೆ ಮಾತ್ರ ಮಗನಿಗೇ ಹೋಗುತ್ತದೆ. ಒಕ್ಕೂಟ ಸರ್ಕಾರ 1979ರಲ್ಲಿಯೇ ಉತ್ತರಾಧಿಕಾರದ ಸುಂಕವನ್ನು ತೆಗೆದುಹಾಕಿರುವುದರಿಂದ, ಇಪ್ಪತ್ತು ವರ್ಷ ತಾಯಿಯನ್ನು ಸಾಕಿದ ತೆರಿಗೆದಾರನಿಗೆ ಆ 20 ಲಕ್ಷದಲ್ಲಿ ಒಂದು ಡಾಲರೂ ಹಿಂದಿರುಗುವುದಿಲ್ಲ. ಆ ತೆರಿಗೆದಾರರಲ್ಲಿ ಮನೆ ಕೊಳ್ಳುವ ಆಸೆಯನ್ನೇ ಬಿಟ್ಟ ಮೂವತ್ತರ ಹರೆಯದ ದಾದಿಯೂ ಇದ್ದಾಳೆ, ಬಸ್ಸು ಓಡಿಸುವವನೂ ಇದ್ದಾನೆ.

ಇಲ್ಲಿನ ಕನ್ನಡ ಸಂಘದ ಹಿರಿಯರ ನಡುವೆ ಈ ಮಾತೆತ್ತಿದರೆ ಮೊದಲು ಬರುವ ಉತ್ತರ, ಜೀವನವಿಡೀ ತೆರಿಗೆ ಕಟ್ಟಿದ್ದೇವೆ, ಇದು ನಮ್ಮ ಹಕ್ಕು ಎಂಬುದು. ಅಮೆರಿಕದಲ್ಲಿರುವ ನಮ್ಮವರು ಹಾಗೆಂದರೆ ಒಪ್ಪಬಹುದು, ಅಲ್ಲಿ ಸಂಬಳದಿಂದ ಅದಕ್ಕೆಂದೇ ಹಣ ಮುರಿದುಕೊಂಡು ಅದರ ಲೆಕ್ಕದ ಮೇಲೆ ಪಿಂಚಣಿ ಕೊಡುತ್ತಾರೆ. ಪಕ್ಕದ ನ್ಯೂಜಿಲೆಂಡಿನಲ್ಲಿ 65 ದಾಟಿದ ಅರ್ಹ ನಿವಾಸಿಗಳಿಗೆಲ್ಲ ಆಸ್ತಿ ಕೇಳದೆ ಕೊಡುತ್ತಾರೆ, ಅದೂ ಒಂದು ನೀತಿ. ಆಸ್ಟ್ರೇಲಿಯಾದ ಪಿಂಚಣಿ ಈ ಎರಡೂ ಅಲ್ಲ. ಅದು ಸಾಮಾನ್ಯ ಬೊಕ್ಕಸದಿಂದ, ಅಗತ್ಯವಿದ್ದವರಿಗೆ, ಅಗತ್ಯವನ್ನು ಅಳೆದು ಕೊಡುವ ನೆರವು, ಅಳೆಯುವುದು ಎಂದಮೇಲೆ ಮನೆಯಲ್ಲಿರುವ ಅತಿ ದೊಡ್ಡ ವಸ್ತುವನ್ನು ಬಿಟ್ಟು ಅಳೆಯುವುದು ಯಾವ ತಕ್ಕಡಿ?

ಎರಡನೆಯ ಆಕ್ಷೇಪಕ್ಕೆ ತೂಕವಿದೆ. ಇಟ್ಟಿಗೆಯನ್ನು ತಿನ್ನಲಾಗುವುದಿಲ್ಲ, ಬೆಲೆ ಏರಿದ್ದು ಮುದುಕರ ತಪ್ಪಲ್ಲ, ಐವತ್ತು ವರ್ಷ ಬಾಳಿದ ಬೀದಿ, ಪರಿಚಿತ ವೈದ್ಯರು, ಹತ್ತಿರದ ಚರ್ಚು ಇವನ್ನು ಬಿಟ್ಟು ಹೋಗು ಎನ್ನುವುದು ಕ್ರೌರ್ಯ. ಒಪ್ಪಿದೆ. ಬಿಟ್ಟು ಹೋಗಬೇಕೆಂದರೂ ಹೊಸ ಮನೆಯ ಮೇಲೆ ಮುದ್ರಾಂಕ ಶುಲ್ಕ ಕಟ್ಟಬೇಕು, ಮನೆ ಮಾರಿ ಕೈಯಲ್ಲುಳಿದ ಹಣ ಆ ಕ್ಷಣವೇ ಆಸ್ತಿಯಾಗಿ ಪಿಂಚಣಿಯನ್ನು ನುಂಗುತ್ತದೆ, ಹೀಗಾಗಿ ನಾಲ್ಕು ಕೋಣೆಯ ಮನೆಯಲ್ಲಿ ಒಬ್ಬರೇ ಉಳಿಯುವುದೇ ಜಾಣತನವೆಂದು ನಿಯಮವೇ ಕಲಿಸುತ್ತದೆ. ಆದ್ದರಿಂದ ಪಿಂಚಣಿ ನಿಲ್ಲಿಸಿ ಮನೆ ಮಾರಿಸಬೇಕೆಂದು ನಾನು ವಾದಿಸುತ್ತಿಲ್ಲ.

ವಾಸ್ತವದಲ್ಲಿ ದಾರಿ ಆಗಲೇ ಅರ್ಧ ಸವೆದಿದೆ. ‘ಹೋಮ್ ಈಕ್ವಿಟಿ ಆಕ್ಸೆಸ್ ಸ್ಕೀಮ್’ ಎಂಬ ಸರ್ಕಾರಿ ಯೋಜನೆಯಲ್ಲಿ, ಪಿಂಚಣಿಯ ವಯಸ್ಸು ತಲುಪಿದವರು ತಮ್ಮ ಮನೆಯ ಆಧಾರದ ಮೇಲೆ, ಪಿಂಚಣಿ ಮತ್ತು ಸಾಲ ಎರಡೂ ಸೇರಿ ಪೂರ್ಣ ಪಿಂಚಣಿಯ ಒಂದೂವರೆ ಪಟ್ಟಿನವರೆಗೆ ಎರಡು ವಾರಕ್ಕೊಮ್ಮೆ ಹಣ ಪಡೆಯಬಹುದು. 2022ರ ಜನವರಿಯಿಂದ ಬಡ್ಡಿ ಶೇ. 3.95, ಮನೆ ಮಾರಿದಾಗ ಅಥವಾ ಮಾಲೀಕರು ತೀರಿಕೊಂಡ ಮೇಲೆ ಸಾಲ ತೀರಿದರಾಯಿತು, ಸಾಲ ಮನೆಯ ಬೆಲೆಯನ್ನು ಮೀರುವುದಿಲ್ಲವೆಂಬ ಖಾತರಿಯೂ ಇದೆ. ಒಂದು ಉದಾರವಾದ ಮಿತಿ ಇಟ್ಟು, ಅದರೊಳಗಿನ ಮನೆಯನ್ನು ಈಗಿನಂತೆಯೇ ಬಿಟ್ಟು, ಅದಕ್ಕೂ ಮೇಲಿನ ಬೆಲೆಯನ್ನು ಆಸ್ತಿಯೆಂದು ಎಣಿಸಿ, ಅದರಿಂದ ಕಡಿತವಾಗುವ ಪಿಂಚಣಿಯ ಭಾಗವನ್ನು ಇದೇ ಸಾಲದ ರೂಪದಲ್ಲಿ ಕೊಡುತ್ತಾ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಮ್ಯಾರಿಕ್‌ವಿಲ್‌ನ ಅಜ್ಜಿಯ ಕೈಗೆ ಬರುವ ಹಣದಲ್ಲಿ ಒಂದು ಸೆಂಟೂ ಕಡಿಮೆಯಾಗುವುದಿಲ್ಲ, ಅವರು ಆ ಮನೆಯಿಂದ ಕದಲಬೇಕಿಲ್ಲ, ಕಡಿಮೆಯಾಗುವುದು ಪರ್ತ್‌ನ ಮಗನ ಪಾಲು ಮಾತ್ರ. ಹಾಗೆ ಉಳಿದ ಹಣದಲ್ಲಿ ಬಾಡಿಗೆದಾರರ ನೆರವನ್ನು ಏರಿಸಬೇಕು. ಮಿತಿ ಮೀರಿದ ಮನೆಗಳನ್ನು ಎಣಿಸಬೇಕೆಂಬ ಮಾತು ಹೊಸದಲ್ಲ, 2010ರಲ್ಲಿ ಹೊರಬಂದ ಕೆನ್ ಹೆನ್ರಿ ನೇತೃತ್ವದ ತೆರಿಗೆ ಪರಿಶೀಲನಾ ವರದಿಯೂ ಹೇಳಿತ್ತು, ಗ್ರಾಟನ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ ಹೇಳುತ್ತಲೇ ಬಂದಿದೆ. ಎರಡೂ ದೊಡ್ಡ ಪಕ್ಷಗಳು ಕಿವಿಗೆ ಹಾಕಿಕೊಂಡಿಲ್ಲ, ಪಿಂಚಣಿ ಪಡೆಯುವವರು 25 ಲಕ್ಷಕ್ಕೂ ಹೆಚ್ಚಿದ್ದಾರೆ, ಮತದಾನ ಇಲ್ಲಿ ಕಡ್ಡಾಯ.

ನನ್ನ ವಾದಕ್ಕೆ ಮೊದಲ ಪೆಟ್ಟು ಬಿದ್ದದ್ದು ಮನೆಯೊಳಗೇ. ಮಿತಿ 12 ಲಕ್ಷವೆಂದಾದರೆ ನಮ್ಮ ಮನೆಯೂ ಅದರ ಹೊರಗೆ ಬರುತ್ತದೆಂದು ಲೆಕ್ಕ ಹಾಕಿ ತೋರಿಸಿದಾಗ ಹೆಂಡತಿ, ‘ಅಲ್ಲಾ ರೀ, ಮನೆ ಮೇಲೆ ಸಾಲ ಬರೆಸಿಕೊಂಡು ಸಾಯೋದಾ?’ ಎಂದಳು. ಮಗಳ ಪಾಲು ಕಡಿಮೆಯಾದೀತೆಂಬ ಚಿಂತೆ ಅದಲ್ಲ, ಮಗಳಿಗೆ ಒಳ್ಳೆಯ ಉದ್ಯೋಗವಿದೆ. ಋಣ ಉಳಿಸಿಕೊಂಡು ಹೋಗಬಾರದೆಂದು, ಹಾಸಿಗೆ ಹಿಡಿದಿದ್ದಾಗಲೂ ಹಾಲಿನವನ ಬಾಕಿಯನ್ನು ದಿಂಬಿನ ಕೆಳಗೆ ಎಣಿಸಿಟ್ಟಿದ್ದ ಅಪ್ಪನ ಮಗಳು ಆಕೆ. ಭಾರತದಲ್ಲಿ 2007ರ ಮುಂಗಡಪತ್ರದ ಬಳಿಕ ಬ್ಯಾಂಕುಗಳು ಇಂಥದೇ ಹಿಮ್ಮುಖ ಅಡಮಾನದ ಸಾಲವನ್ನು ತಂದಾಗ ಜನ ಅದರ ಹತ್ತಿರ ಸುಳಿಯದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು. ಹಾಗಾದರೆ ಸರ್ಕಾರದಿಂದ ಪುಕ್ಕಟೆ ಪಡೆಯುವುದು ಋಣವಲ್ಲವೇ ಎಂದು ಕೇಳಿದೆ. ಆಕೆ ಉತ್ತರಿಸದೆ ನಮೂನೆಯನ್ನು ತನ್ನತ್ತ ಎಳೆದುಕೊಂಡು, ಮೈಸೂರಿನ ಮನೆಯ ಅರ್ಧ ಪಾಲಿಗೆ ಎಷ್ಟು ಬರೆಯಲಿ, ತಮ್ಮನಿಗೆ ಒಂದು ಫೋನ್ ಮಾಡಿ ಕೇಳಿ ಎಂದಳು.