ಅಜ್ಜನ ಮರೆವಿಗೆ ವಯಸ್ಸೇ ಕಾರಣವೆಂದು ಕೂರಬೇಡಿ

ಮಿದುಳಿನ ಶಸ್ತ್ರಚಿಕಿತ್ಸೆ ಎಂದರೆ ಪತ್ರಿಕೆಗಳಲ್ಲಿ ರೋಬೋಟ್ ಮತ್ತು ಕೋಟಿಗಟ್ಟಲೆ ಬೆಲೆಯ ಯಂತ್ರಗಳದ್ದೇ ಸುದ್ದಿ. ಹುಬ್ಬಳ್ಳಿಯ ನ್ಯೂರೋಸರ್ಜರಿ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿರುವ ನನ್ನ ಮಟ್ಟಿಗೆ, ನಮ್ಮ ಭಾಗದ ಜನರಿಗೆ ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಬಲ್ಲ ಸಂಶೋಧನೆ ಒಂದು ಮೆತ್ತನೆಯ ಕೊಳವೆಗೆ ಸಂಬಂಧಿಸಿದ್ದು.

ಗದಗ, ಹಾವೇರಿ ಕಡೆಯಿಂದ ಬರುವ ಅಜ್ಜ-ಅಜ್ಜಿಯರ ಕಥೆ ಹೆಚ್ಚುಕಡಿಮೆ ಒಂದೇ. ದಸರೆಯ ಹೊತ್ತಿಗೆ ಬಚ್ಚಲಲ್ಲಿ ಜಾರಿದ್ದರು, ಇಲ್ಲವೇ ಕೊಟ್ಟಿಗೆಯ ಬಾಗಿಲು ತಲೆಗೆ ಬಡಿದಿತ್ತು. ಗಾಯವಿಲ್ಲ, ರಕ್ತವಿಲ್ಲ, ಎರಡು ದಿನದಲ್ಲಿ ಮನೆಯವರು ಮರೆತರು. ದೀಪಾವಳಿ ಕಳೆಯುವಷ್ಟರಲ್ಲಿ ಅಜ್ಜ ಉಂಡದ್ದನ್ನೇ ಮರೆಯುತ್ತಾರೆ, ಒಂದು ಕಾಲು ಎಳೆಯುತ್ತಾರೆ, ಹಗಲೆಲ್ಲ ನಿದ್ದೆ ಮಾಡುತ್ತಾರೆ. ಅರವತ್ತಕ್ಕೆ ಅರಳುಮರಳು ಎಂದು ಮನೆಯವರು ಸುಮ್ಮನಾಗುತ್ತಾರೆ. ಲಕ್ವ ಹೊಡೆದಿದೆ ಎಂದು ನಾಟಿ ಔಷಧಕ್ಕೆ ಕರೆದೊಯ್ದವರೂ ಇದ್ದಾರೆ.

ಇದು ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ, ಅಂದರೆ ಮಿದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ಕೂಡುವ ರಕ್ತ. ವಯಸ್ಸಾದಂತೆ ಮಿದುಳು ಕುಗ್ಗುತ್ತದೆ; ಅದರಿಂದ ಹೊದಿಕೆಗೆ ಹಾದುಹೋಗುವ ಸಣ್ಣ ರಕ್ತನಾಳಗಳು ಬಿಗಿದು ನಿಲ್ಲುತ್ತವೆ. ಅಂಥ ನಾಳ ಹರಿಯಲು ಸಣ್ಣ ಪೆಟ್ಟು ಸಾಕು. ಒಸರಿದ ರಕ್ತದ ಸುತ್ತ ಪೊರೆ ಕಟ್ಟುತ್ತದೆ, ಪೊರೆಯಲ್ಲಿ ಹುಟ್ಟುವ ಎಳೆಯ ನಾಳಗಳೂ ಸೋರುತ್ತವೆ. ಹೀಗೆ ವಾರಗಟ್ಟಲೆ ಬೆಳೆದು ಮಿದುಳನ್ನು ಒತ್ತುತ್ತದೆ. ಹೃದಯಕ್ಕೆಂದು ರಕ್ತ ತೆಳುಮಾಡುವ ಗುಳಿಗೆ ನುಂಗುವವರಿಗೆ ಮತ್ತು ಕುಡಿತದ ಚಟವಿರುವವರಿಗೆ ಅಪಾಯ ಇನ್ನೂ ಹೆಚ್ಚು.

ಚಿಕಿತ್ಸೆ ಕೇಳಲು ಭಯಂಕರ, ಮಾಡಲು ಸರಳ. ತಲೆಬುರುಡೆಯಲ್ಲಿ ಒಂದೆರಡು ರಂಧ್ರ ಕೊರೆದು ಎಂಜಿನ್ ಎಣ್ಣೆಯಂತೆ ಕಪ್ಪಾದ ರಕ್ತವನ್ನು ಹೊರಬಿಟ್ಟು, ಸಲೈನ್‌ನಿಂದ ತೊಳೆಯುತ್ತಾರೆ. ಎಷ್ಟೋ ರೋಗಿಗಳಿಗೆ ಪೂರ್ತಿ ಅರಿವಳಿಕೆಯೂ ಬೇಕಾಗುವುದಿಲ್ಲ. ಆದರೆ ರಕ್ತ ಮತ್ತೆ ಕೂಡುವುದೇ ಇದರ ದೊಡ್ಡ ಕಾಟ.

ಇಲ್ಲಿಯೇ ಆ ಕೊಳವೆಯ ಮಾತು ಬರುವುದು. ಕೇಂಬ್ರಿಜ್‌ನ ವೈದ್ಯರು 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯ ನಂತರ ಉಳಿದ ರಕ್ತ ಹೊರಹರಿಯಲೆಂದು ಎರಡು ದಿನ ಈ ಕೊಳವೆ (ಡ್ರೈನ್) ಇಟ್ಟ 108 ಜನರಲ್ಲಿ 10 ಮಂದಿಗೆ, ಇಡದ 107 ಜನರಲ್ಲಿ 26 ಮಂದಿಗೆ ರಕ್ತ ಮತ್ತೆ ಕೂಡಿತು. ಆರು ತಿಂಗಳಲ್ಲಿ ಸತ್ತವರು ಕ್ರಮವಾಗಿ ಶೇ 8.6 ಮತ್ತು ಶೇ 18.1. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. 2024ರಲ್ಲಿ ಫಿನ್‌ಲೆಂಡ್‌ನವರು ತೊಳೆಯುವುದು ನಿಜಕ್ಕೂ ಬೇಕೇ ಎಂದು ಪರೀಕ್ಷಿಸಿದರು. ತೊಳೆಯದವರಲ್ಲಿ ಶೇ 18.3, ತೊಳೆದವರಲ್ಲಿ ಶೇ 12.6 ಮಂದಿಗೆ ಮರುಶಸ್ತ್ರಚಿಕಿತ್ಸೆ ಬೇಕಾಯಿತು. ಸಲೈನ್ ಮತ್ತು ಕೊಳವೆ ಯಾವ ಜಿಲ್ಲಾ ಆಸ್ಪತ್ರೆಗೆ ಎಟುಕುವುದಿಲ್ಲ, ಹೇಳಿ?

ಕೊರೆಯದೆ ಗುಳಿಗೆಯಲ್ಲೇ ವಾಸಿ ಮಾಡಿ ಎಂದು ಮನೆಯವರು ಕೈ ಹಿಡಿದು ಕೇಳುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ 2020ರಲ್ಲಿ ಬ್ರಿಟನ್ನಿನಲ್ಲಿ 748 ರೋಗಿಗಳ ಮೇಲೆ ನಡೆದ ಅಧ್ಯಯನ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಔಷಧದ ಬಗ್ಗೆ ನಿಚ್ಚಳವಾಗಿ ಹೇಳಿದೆ. ಅವರಲ್ಲಿ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯೂ ಆಗಿತ್ತು. ಸ್ಟಿರಾಯ್ಡ್ ಪಡೆದವರಲ್ಲಿ ಮರುಶಸ್ತ್ರಚಿಕಿತ್ಸೆ ಕಡಿಮೆಯಾಯಿತು, ನಿಜ. ಆದರೂ ಆರು ತಿಂಗಳ ನಂತರ ಚೆನ್ನಾಗಿದ್ದವರು ಅವರಲ್ಲಿ ಶೇ 83.9, ಪಡೆಯದವರಲ್ಲಿ ಶೇ 90.3. ಸ್ಕ್ಯಾನ್ ಸುಧಾರಿಸಿದರೆ ಸಾಲದು, ಅಜ್ಜ ಎದ್ದು ಓಡಾಡಬೇಕು.

ಪೊರೆಗೆ ರಕ್ತ ಉಣಿಸುವ ಅಪಧಮನಿಯನ್ನು ತೆಳುವಾದ ಕೊಳವೆಯ ಮೂಲಕ ಒಳಗಿನಿಂದಲೇ ಮುಚ್ಚುವ ಹೊಸ ವಿಧಾನವೂ ಬಂದಿದೆ. 400 ರೋಗಿಗಳ ಅಮೆರಿಕದ ಅಧ್ಯಯನದಲ್ಲಿ ಮರುಶಸ್ತ್ರಚಿಕಿತ್ಸೆ ಶೇ 11.3ರಿಂದ ಶೇ 4.1ಕ್ಕೆ ಇಳಿದಿದೆ. ಒಳ್ಳೆಯದೇ. ಆದರೆ ಅದಕ್ಕೆ ರಕ್ತನಾಳದೊಳಗೆ ಕೊಳವೆ ಹಾಯಿಸುವ ಕ್ಯಾಥ್ ಲ್ಯಾಬ್ ಮತ್ತು ಪಳಗಿದ ತಜ್ಞರು ಬೇಕು. ಮುಂಡರಗಿಯ ಅಜ್ಜನಿಗೆ ಮೊದಲು ಬೇಕಾಗಿರುವುದು ಸಮಯಕ್ಕೆ ಸರಿಯಾಗಿ ಒಂದು ಸಿ.ಟಿ. ಸ್ಕ್ಯಾನ್ ಮತ್ತು ಒಂದು ರಂಧ್ರ.

ಆ ರಂಧ್ರವನ್ನು ನ್ಯೂರೋಸರ್ಜನ್ನರೇ ಕೊರೆಯಬೇಕೇ? ಆಸ್ಟ್ರೇಲಿಯಾದ ಡಾರ್ವಿನ್ ನಗರದಲ್ಲಿ ಎಷ್ಟೋ ವರ್ಷ ಜನರಲ್ ಸರ್ಜನ್ನರೇ ತಲೆಯ ತುರ್ತು ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದಾರೆ. ನ್ಯೂರೋಸರ್ಜನ್ನರಿದ್ದ ಅಡಿಲೇಡ್ ಅಲ್ಲಿಂದ ಎರಡೂವರೆ ಸಾವಿರ ಕಿಲೋಮೀಟರಿಗೂ ದೂರ. ಗದಗ, ಹಾವೇರಿ ಎರಡೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ನಿಯಮವೂ ಇದೆ. ಶಸ್ತ್ರಚಿಕಿತ್ಸಾ ವಿಭಾಗದವರು ಅಲ್ಲಿಗೆ ಹೋಗುವ ಮುನ್ನ ಕೆಲವು ವಾರ ನ್ಯೂರೋಸರ್ಜರಿ ಥಿಯೇಟರಿನಲ್ಲಿ ನಿಲ್ಲಲಿ. ಕುರಿಯ ತಲೆಬುರುಡೆಯ ಮೇಲೆ ಕೈ ಪಳಗಿಸಿಕೊಳ್ಳಲಿ, ಹಿರಿಯರ ಕಣ್ಣೆದುರು ಮಾಡಲಿ. ಮೂಳೆ ದಾಟಿದ ಕೂಡಲೇ ತಾನೇ ನಿಲ್ಲುವ ಡ್ರಿಲ್ ಬಂದು ಎಷ್ಟೋ ಕಾಲವಾಯಿತು.

ಹೆದ್ದಾರಿಯ ಅಪಘಾತದ ರೋಗಿಗಳನ್ನು ಇದೇ ತಕ್ಕಡಿಯಲ್ಲಿ ತೂಗಬೇಡಿ. ಹೆಪ್ಪುಗಟ್ಟಿದ ಹೊಸ ರಕ್ತ ರಂಧ್ರದಿಂದ ಬರುವುದಿಲ್ಲ, ಬುರುಡೆಯನ್ನೇ ತೆರೆಯಬೇಕು. ಅವರು ದೊಡ್ಡ ಆಸ್ಪತ್ರೆಗೇ ಬರಲಿ. ಆದರೆ ನಿಧಾನವಾಗಿ ಮಂಕಾಗುತ್ತಿರುವ ಅಜ್ಜಿಯನ್ನು ಹಾನಗಲ್‌ನಿಂದ ಹುಬ್ಬಳ್ಳಿಗೆ, ಇಲ್ಲಿ ಹಾಸಿಗೆ ಸಿಗದೆ ಇನ್ನೊಂದೆಡೆಗೆ ಸಾಗಿಸುವ ಹೊತ್ತಿಗೆ ಪ್ರಜ್ಞೆಯೇ ತಪ್ಪಿರುತ್ತದೆ. ಇದನ್ನು ನೋಡುತ್ತ ಸುಮ್ಮನಿರಲು ನನ್ನಿಂದಾಗುವುದಿಲ್ಲ.

ಮನೆಯಲ್ಲಿ ಹಿರಿಯರಿದ್ದರೆ ಇಷ್ಟು ಮಾಡಿ. ಕೆಲವೇ ವಾರಗಳಲ್ಲಿ ನಡಿಗೆ, ಮಾತು ಅಥವಾ ನೆನಪು ಬದಲಾದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ. ಹಿಂದಿನ ಎರಡು ಮೂರು ತಿಂಗಳಲ್ಲಿ ಬಿದ್ದಿದ್ದರೇ ಎಂದು ನೆನಪಿಸಿಕೊಂಡು ವೈದ್ಯರಿಗೆ ತಿಳಿಸಿ. ನುಂಗುತ್ತಿರುವ ಗುಳಿಗೆಗಳ ಚೀಟಿ ಜೊತೆಗಿರಲಿ. ತಲೆಯ ಸ್ಕ್ಯಾನ್ ಬೇಕೇ ಎಂದು ನೀವೇ ಬಾಯಿಬಿಟ್ಟು ಕೇಳಿ.