ಸಿಂಹ ಎಲ್ಲಿಂದ ಬಂತು ಸ್ವಾಮಿ?

ಇವತ್ತು ಮಾರ್ಚ್ 7. ಕ್ರೈಸ್ತ ನಂಬಿಕೆ ಬಿಡಲೊಲ್ಲದೆ ಪ್ರಾಣ ಕೊಟ್ಟ ಸಂತ ಪೆರ್ಪೆತುವಾ ಮತ್ತು ಫೆಲಿಸಿತಾ ಹಬ್ಬ. ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಎರಡು ನಿಮಿಷದ ವಿಡಿಯೋ ಬಂತು. ರೋಮಿನ ಕೊಲೋಸಿಯಂ, ಆಕಾಶ ನೋಡಿ ಮುಗುಳ್ನಗುವ ಹುಡುಗಿ, ಬಾಯಿ ತೆರೆದ ಸಿಂಹ, ಹಿಂದೆ ಗುಡುಗಿನ ಸದ್ದು. ಸಂಜೆಯಾದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ.

ನಾನು ಇಗರ್ಜಿಗೆ ಎಷ್ಟು ಹೋಗುತ್ತೇನೆ ಅಂತ ನಿಮಗೆಲ್ಲ ಗೊತ್ತು, ಬಿಡಿ. ಆದರೆ ಈ ಇಬ್ಬರು ಹೆಂಗಸರ ವಿಷಯಕ್ಕೆ ಬಂದರೆ ಮಾತ್ರ ನಾನು ಜಗಳಗಂಟಿ.

ಅದು ರೋಮ್ ಅಲ್ಲ, ಕಾರ್ಥೇಜ್. ಈಗಿನ ಟ್ಯುನೀಸಿಯಾ. ಇಸವಿ 203. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಮಗ ಗೇಟಾನ ಹುಟ್ಟುಹಬ್ಬಕ್ಕೆ ನಡೆದ, ಜನರೆದುರು ಕೈದಿಗಳ ಮೇಲೆ ಮೃಗ ಬಿಡುವ ಆಟ. ಇವರಿಬ್ಬರ ಮೇಲೆ ಬಿಟ್ಟಿದ್ದು ಸಿಂಹ ಅಲ್ಲ ಮಾರಾಯ್ರೆ, ಹಸು! ಹುಚ್ಚೆದ್ದ ಹಸು. ಹೆಂಗಸರಿಗೆ ಹೆಣ್ಣು ಪ್ರಾಣಿಯೇ ಇರಲಿ ಅಂತ ಬೇಕಂತಲೇ ತಂದಿದ್ದರು.

ಸಿಂಹ ಹಾಳಾಗಿ ಹೋಗಲಿ. ಹಾಲು ಎಲ್ಲಿ?

ಪೆರ್ಪೆತುವಾ ಜೈಲಲ್ಲಿ ಕೂತು ಬರೆದದ್ದು ಉಳಿದಿದೆ. ಕ್ರೈಸ್ತ ಹೆಂಗಸೊಬ್ಬಳು ಬರೆದು ನಮ್ಮ ಕೈಗೆ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು. ಅವಳಿಗೆ ಸುಮಾರು 22 ವರ್ಷ. ಎದೆಹಾಲು ಕುಡಿಯುವ ಗಂಡು ಮಗು. ಗಂಡನ ಸುದ್ದಿಯೇ ಇಲ್ಲ. ಜೈಲಿನ ಕತ್ತಲು, ಸೆಕೆ, ಸೈನಿಕರ ಕಾಟ, ಎಲ್ಲಕ್ಕಿಂತ ಜಾಸ್ತಿ ಮಗುವಿನ ಚಿಂತೆ. ಇಬ್ಬರು ಡೀಕನ್‌ಗಳು, ಅಂದರೆ ಸಭೆಯ ಸೇವಕರು, ಕಾವಲಿನವರಿಗೆ ಲಂಚ ಕೊಟ್ಟು ಸ್ವಲ್ಪ ಹೊತ್ತು ಗಾಳಿಯಾಡುವ ಜಾಗಕ್ಕೆ ಬಿಡಿಸುತ್ತಾರೆ. ಅಲ್ಲಿ ಅವಳು ಮೊದಲು ಮಾಡುವುದು ಹಸಿದು ಸುಸ್ತಾದ ಮಗುವಿಗೆ ಹಾಲು ಕುಡಿಸುವುದು. ಆಮೇಲೆ ಮಗು ಜೊತೆಗೇ ಇರಲು ಅನುಮತಿ ಸಿಕ್ಕಾಗ, ಜೈಲು ನನಗೆ ಅರಮನೆಯಾಯಿತು ಅನ್ನುತ್ತಾಳೆ.

ಅವಳ ಕನಸಿನಲ್ಲೂ ಹಾಲೇ. ಮುದುಕ ಕುರುಬನೊಬ್ಬ ಕುರಿ ಹಾಲು ಕರೆಯುತ್ತಾ ಕೂತಿದ್ದಾನೆ. ಗಿಣ್ಣಿನಂಥ ಒಂದು ತುತ್ತು ಕೊಡುತ್ತಾನೆ, ಇವಳು ಎರಡೂ ಕೈ ಜೋಡಿಸಿ ಇಸಿದುಕೊಂಡು ತಿನ್ನುತ್ತಾಳೆ. ಎಚ್ಚರವಾದಾಗ ಬಾಯಲ್ಲಿನ್ನೂ ಸಿಹಿ.

ಶಿಕ್ಷೆಯಾದ ಮೇಲೆ ಅವಳ ಅಪ್ಪ ಮಗುವನ್ನು ವಾಪಸ್ ಕೊಡುವುದಿಲ್ಲ. ಆಗ ಅವಳು ಬರೆಯುತ್ತಾಳೆ: ಮಗು ಮತ್ತೆ ಮೊಲೆ ಕೇಳಲಿಲ್ಲ, ನನ್ನ ಎದೆಯೂ ಬಾತುಕೊಳ್ಳಲಿಲ್ಲ, ದೇವರ ದಯೆ. ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟೆ. ಹೆರಿಗೆ ರಜೆ ಮುಗಿಸಿ ಆಫೀಸಿಗೆ ಹೋದ ಮೂರನೇ ದಿನ, ಮೀಟಿಂಗಿನಲ್ಲಿ ನನ್ನ ಎದೆ ಕಲ್ಲಾಗಿ, ರವಿಕೆ ಒದ್ದೆಯಾಗಿ, ಫೈಲು ಅಡ್ಡ ಹಿಡಿದುಕೊಂಡು ಕೂತಿದ್ದೆ. ಆ ನೋವು ಗೊತ್ತಿದ್ದವಳೇ ಬರೆದ ಸಾಲು ಅದು. ಎಲ್ಲ ಅವಳದ್ದಲ್ಲ, ಬೇರೆಯವರ ಕೈಯೂ ಆಡಿದೆ ಅನ್ನುವ ವಿದ್ವಾಂಸರಿದ್ದಾರೆ. ಮೊದಲು ಮತ್ತು ಕೊನೆಯಲ್ಲಿ ಆಡಿದೆ, ಅದು ಬರಹದಲ್ಲೇ ಕಾಣುತ್ತದೆ. ಆದರೆ ಈ ಸಾಲನ್ನೂ ಯಾವನೋ ಗಡ್ಡದವನು ಕೂತು ಹೊಸೆದ ಅಂದರೆ, ಸುಮ್ನಿರಿ ಸ್ವಾಮಿ.

ಇನ್ನು ಫೆಲಿಸಿತಾ. ನಮ್ಮ ಕಡೆ ಮನೆಗೊಬ್ಬಳು ಫೆಲ್ಸಿ ಇದ್ದಾಳಲ್ಲ, ಆ ಹೆಸರು. ಇವಳು ಗುಲಾಮಳು, ಎಂಟು ತಿಂಗಳ ಬಸುರಿ. ಆಟಕ್ಕೆ ಮೊದಲೇ ಜೈಲಲ್ಲಿ ಹೆರಿಗೆ. ನೋವಿಗೆ ಕೂಗಿದಾಗ, ‘ಈಗಲೇ ಹೀಗಾದರೆ ಮೃಗಗಳ ಮುಂದೆ ಏನು ಮಾಡ್ತೀಯ?’ ಅಂತ ಕಾವಲಿನವನ ಕೊಂಕು. ಹುಟ್ಟಿದ್ದು ಹೆಣ್ಣು. ಕಣಕ್ಕೆ ತಂದು ನಿಲ್ಲಿಸಿದಾಗ ಇವಳ ಎದೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ರಕ್ತ ನೋಡಲೆಂದೇ ಬಂದಿದ್ದ ಜನ, ಅದನ್ನು ನೋಡಿ ಬೆಚ್ಚಿಬಿದ್ದರು. ಇಬ್ಬರನ್ನೂ ಒಳಗೆ ಕರೆದು ಬಟ್ಟೆ ಹಾಕಿಸಿ ಮತ್ತೆ ಕಳಿಸಿದರು. ಬಟ್ಟೆ ಹಾಕಿಸಿ!

ಕಾರ್ಥೇಜಿನ ಜನಕ್ಕೆ ಕಂಡ ಹಾಲು ನಮ್ಮ ವಿಡಿಯೋದವರಿಗೆ ಕಾಣಲಿಲ್ಲ.

‘ಮಕ್ಕಳೂ ನೋಡ್ತಾರೆ, ಎದೆಹಾಲು ಎಲ್ಲ ಯಾಕೆ’ ಅಂದರು ಭಾವ. ಹೌದು ಭಾವ, ಹೆಂಗಸಿನ ಕತ್ತು ಸೀಳುವುದನ್ನು ಮಕ್ಕಳು ನೋಡಬಹುದು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನನಗೆ ಪೆರ್ಪೆತುವಾ ಮೇಲೂ ಸಿಟ್ಟಿದೆ. ಅಪ್ಪ ಕಾಲಿಗೆ ಬಿದ್ದ. ಮಗಳೇ ಅನ್ನುವುದು ಬಿಟ್ಟು ‘ಒಡತಿ’ ಅಂದ. ಚಕ್ರವರ್ತಿಯ ಹೆಸರಲ್ಲಿ ಒಂದು ಬಲಿ ಕೊಟ್ಟಿದ್ದರೆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ನಾನಾಗಿದ್ದರೆ ಕೊಟ್ಟು ಮಗುವನ್ನು ಎತ್ತಿಕೊಂಡು ಓಡುತ್ತಿದ್ದೆ. ಅವಳ ಬರಹದಲ್ಲಿ ಅವಳ ಮೇಲೆ ಸಿಟ್ಟಾಗುವುದಕ್ಕೂ ಜಾಗವಿದೆ. ವಿಡಿಯೋದಲ್ಲಿ ಎಲ್ಲಿದೆ?

‘ಆಟದ ಹಿಂದಿನ ದಿನದವರೆಗೆ ಬರೆದಿದ್ದೇನೆ, ಅಲ್ಲಿ ಏನಾಗುತ್ತದೋ ಬೇಕಿದ್ದವರು ಬರೆಯಲಿ’ ಅಂತ ಅವಳೇ ನಿಲ್ಲಿಸಿದ್ದಾಳೆ. ಬರೆಯಲಿ ಅಂದಳು ನಿಜ. ಸಿಂಹ ಸೇರಿಸಿ ಅಂದಿರಲಿಲ್ಲ.

ಗ್ರೂಪಿನಲ್ಲಿ ‘ಅದು ಹಸು’ ಅಂತ ಹಾಕಿ ಬಂದೆ. ಈಗ ನೋಡಿದರೆ ಅದಕ್ಕೆ ಏಳು ಜನ ಕೈಮುಗಿದಿದ್ದಾರೆ.