ತೂತು ಬಿದ್ದರೆ ಅದು ಬಟ್ಟೆಯಲ್ಲವೇ?

ಕಳೆದ ಬೇಸಿಗೆಯಲ್ಲಿ ದಾವಣಗೆರೆಗೆ ಹೋದಾಗ ದೊಡ್ಡಮ್ಮನಿಗೆ ಒಂದು ಶಾಲು ಕೊಟ್ಟೆ. ನಾನೇ ನಿಟ್ಟಿಂಗ್ ಮಷಿನ್‌ನಲ್ಲಿ ಹೆಣೆದದ್ದು. ಸಣ್ಣ ಹತ್ತಿ ದಾರದ ಲೇಸ್, ಮಡಚಿದರೆ ಅಂಗೈಯಲ್ಲಿ ಮುಚ್ಚಿಕೊಳ್ಳಬಹುದು. ದೊಡ್ಡಮ್ಮ ಅದನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ತೂತುಗಳ ಆ ಕಡೆಯಿಂದ ನನ್ನನ್ನೇ ನೋಡುತ್ತಾ, "ಏನಪಾ ತಮ್ಮಾ, ಸೊಳ್ಳೆ ಪರದೆ ತಂದೀಯಲ್ಲ, ಇಂಗ್ಲೆಂಡ್‌ನಾಗೂ ಸೊಳ್ಳೆ ಅದಾವೇನು?" ಅಂದರು. ಮನೆಮಂದಿಯೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಚುರುಕ್ ಅಂದಿತು.

ನಾನಿರುವುದು ನಾಟಿಂಗ್‌ಹ್ಯಾಮ್‌ನಲ್ಲಿ. ಊರಿನ ಒಂದು ಭಾಗಕ್ಕೆ ಇವತ್ತಿಗೂ ಲೇಸ್ ಮಾರ್ಕೆಟ್ ಅಂತಲೇ ಹೆಸರು. ಲೇಸ್ ತುಂಬಿಡುತ್ತಿದ್ದ ಕೆಂಪು ಇಟ್ಟಿಗೆಯ ಗೋದಾಮುಗಳಲ್ಲಿ ಈಗ ಫ್ಲಾಟು, ಹೋಟೆಲು, ಆಫೀಸು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆಯವನಿಗೆ ಇದೇನು ಹೊಸದಲ್ಲ ಬಿಡಿ. ಮಿಲ್ಲು ಮುಚ್ಚಿದ ಊರಿಂದ ಮಿಲ್ಲು ಮುಚ್ಚಿದ ಊರಿಗೆ ಬಂದವನು ನಾನು.

ಇಲ್ಲೊಂದು ಚರ್ಚ್ ಹಾಲ್‌ನಲ್ಲಿ ತಿಂಗಳಿಗೊಮ್ಮೆ ನಿಟ್ಟಿಂಗ್ ಮಷಿನ್ ಇರುವವರು ಸೇರುತ್ತಾರೆ. ಹೆಚ್ಚಿನವರು ಎಪ್ಪತ್ತು ದಾಟಿದ ಹೆಂಗಸರು. ಬ್ರದರ್ ಕಂಪನಿ ಮನೆ ಬಳಕೆಯ ಈ ಮಷಿನ್ ಮಾಡುವುದನ್ನು ಯಾವತ್ತೋ ನಿಲ್ಲಿಸಿದೆ. ಇವರು ಮಾತ್ರ ಎಂಬತ್ತರ ದಶಕದಲ್ಲಿ ಕೊಂಡದ್ದನ್ನೇ ಒರೆಸಿ, ಎಣ್ಣೆ ಹಾಕಿ ಓಡಿಸುತ್ತಿದ್ದಾರೆ. ಹೊಸ ಬಟ್ಟೆ ತೋರಿಸಿದರೆ ಅವರೂ ಮೊದಲು ಮಾಡುವುದು ನಮ್ಮ ದೊಡ್ಡಮ್ಮ ಮಾಡಿದ್ದನ್ನೇ. ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ನಮ್ಮಲ್ಲಿ ಬೆಳಕು ತೂರಿ ಬಂದರೆ ಮಾಲು ಕಳಪೆ. ಇಲ್ಲಿ ಬೆಳಕು ಎಲ್ಲ ಕಡೆ ಒಂದೇ ಸಮ ತೂರಿ ಬರುತ್ತಿದೆಯಾ ಅಂತ ನೋಡುತ್ತಾರೆ. ಒಂದು ತೂತು ದೊಡ್ಡದು, ಪಕ್ಕದ್ದು ಚಿಕ್ಕದಾಗಿದ್ದರೆ ಬೆರಳಿಟ್ಟು ತೋರಿಸುತ್ತಾರೆ.

ಊರಿನ ಪಕ್ಕದಲ್ಲೇ ಕ್ಯಾಲ್ವರ್ಟನ್ ಅಂತ ಹಳ್ಳಿ ಇದೆ. 1589ರಲ್ಲಿ ಮೊದಲ ಹೆಣಿಗೆ ಯಂತ್ರ ಮಾಡಿದ ವಿಲಿಯಂ ಲೀ ಆ ಹಳ್ಳಿಯವನು ಅಂತಾರೆ. ಎಲಿಜಬೆತ್ ರಾಣಿಯ ಹತ್ತಿರ ಪೇಟೆಂಟ್ ಕೇಳಲು ಹೋದನಂತೆ. ಬಟ್ಟೆ ಒರಟು, ದಪ್ಪ ಅಂತ ರಾಣಿ ಒಪ್ಪಲಿಲ್ಲವಂತೆ. ಅವನು ವಾಪಸ್ ಬಂದು, ಸೂಜಿಗಳನ್ನು ಇನ್ನೂ ಒತ್ತೊತ್ತಾಗಿ ಕೂರಿಸಿ, ರೇಷ್ಮೆ ದಾರ ಓಡಿಸಿದನಂತೆ. ಇಲ್ಲಿನ ರಾಣಿ ದಪ್ಪ ಅಂತ ಬೇಡ ಅಂದಳು, ನಮ್ಮ ದೊಡ್ಡಮ್ಮ ತೆಳ್ಳಗೆ ಅಂತ ಬೇಡ ಅಂದರು!

ನಮ್ಮವರ ಕಣ್ಣಿಗೆ ಬಟ್ಟೆ ಅಂದರೆ ಗಟ್ಟಿ ಇರಬೇಕು. ದಾವಣಗೆರೆಯ ಚೌಕಿಪೇಟೆಯ ಅಂಗಡಿಗೆ ಹೋಗಿ. ಸೆರಗನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕದೆ ಯಾರೂ ರೇಟು ಕೇಳುವುದಿಲ್ಲ. ಅಂಗಡಿಯವರೂ "ಮಾಲು ಗಟ್ಟಿ ಐತಿ ನೋಡ್ರಿ ಅಕ್ಕಾರೆ" ಅಂತಲೇ ಶುರು ಮಾಡುತ್ತಾರೆ. ಚಳ್ಳಕೆರೆ ಕಡೆಯ ಕಂಬಳಿಯಾದರೆ ಮೇಲೆ ನೀರು ಹೊಯ್ದು, ಕೆಳಗೆ ಇಳಿಯುತ್ತದಾ ಅಂತ ನೋಡುವವರಿದ್ದಾರೆ. ಕುರಿ ಕಾಯುವವರಿಗೆ ಅದು ಸರಿ. ಆದರೆ ಏಪ್ರಿಲ್ ತಿಂಗಳಲ್ಲಿ ಪಿ.ಜೆ. ಬಡಾವಣೆಯ ಆರ್‌ಸಿಸಿ ಮನೆಯಲ್ಲಿ ಕೂತವರಿಗೂ ಅದೇ ಲೆಕ್ಕ ಯಾಕೆ?

ನಮ್ಮ ಅಕ್ಕನ ಹತ್ತಿರವೂ ಒಂದು ನಿಟ್ಟಿಂಗ್ ಮಷಿನ್ ಇದೆ. ದೊಡ್ಡಮ್ಮನ ಮಗಳು. ಮದುವೆಗೆ ಮುಂಚೆ ಕ್ಲಾಸಿಗೆ ಹೋಗಿ ಕಲಿತವಳು. ಮೇ ತಿಂಗಳಲ್ಲಿ ಶಾಲೆ ಸ್ವೆಟರ್ ಆರ್ಡರ್ ಶುರು. ಮೆರೂನ್, ನೇವಿ ಬ್ಲೂ, ಮತ್ತೆ ಮೆರೂನ್. ಮಳೆಗಾಲ ಮುಗಿದರೆ ಮಷಿನ್ ಹಳೇ ಸೀರೆ ಸುತ್ತಿಕೊಂಡು ಮಂಚದ ಕೆಳಗೆ. ನಿಟ್ಟಿಂಗ್ ಅಂದರೆ ಉಲ್ಲನ್, ಉಲ್ಲನ್ ಅಂದರೆ ಚಳಿ. ಅದೇ ಮಷಿನ್‌ಗೆ ಹತ್ತಿ ದಾರ ಹಾಕಿ ಬಿಸಿಲುಗಾಲದ ಬಟ್ಟೆ ತೆಗೆಯಬಹುದು ಅಂದರೆ ಯಾರೂ ನಂಬುವುದಿಲ್ಲ. ಅದೂ ಹತ್ತಿಯಿಂದ ಬದುಕಿದ ಊರಿನಲ್ಲಿ!

ಅಪ್ಪ ಮಿಲ್ಲಿನಲ್ಲಿ ಸ್ಪಿನ್ನಿಂಗ್‌ನಲ್ಲಿದ್ದರು. ಹತ್ತಿ ದಾರದ ನಂಬರ್ ಜಾಸ್ತಿ ಆದಷ್ಟೂ ದಾರ ಸಣ್ಣ ಅನ್ನುವುದು ನಮ್ಮ ಮನೆಯಲ್ಲಿ ಮಗ್ಗಿ ಕಲಿಯುವ ಮೊದಲೇ ಗೊತ್ತಿತ್ತು. 840 ಗಜದ ಲಡಿ ಒಂದು ಪೌಂಡಿಗೆ ಎಷ್ಟು ತೂಗುತ್ತವೋ ಅದೇ ನಂಬರ್. ನಾನು ಹಾಕುವುದು 20ನೇ ನಂಬರಿನ ಎರಡೆಳೆ ದಾರ. ಮಾಮೂಲಿ ಮನೆ ಮಷಿನ್‌ನಲ್ಲಿ 200 ಸೂಜಿ, ಸೂಜಿಯಿಂದ ಸೂಜಿಗೆ ನಾಲ್ಕೂವರೆ ಮಿಲಿಮೀಟರ್. ಅಷ್ಟು ದೂರಕ್ಕೆ ಈ ದಾರ ತೀರಾ ಸಣ್ಣ. 250 ಸೂಜಿಯ ಬೇರೆ ಮಷಿನ್‌ಗಳೂ ಇವೆ. ಅದರಲ್ಲಿ ಸೂಜಿಗಳ ನಡುವೆ 3.6 ಮಿಲಿಮೀಟರ್ ಅಷ್ಟೇ. ಆದರೆ ಲೇಸ್‌ಗೆ ಆ ನಾಲ್ಕೂವರೆ ಮಿಲಿಮೀಟರ್ ದೂರವೇ ಅನುಕೂಲ.

ಕುಣಿಕೆ ಎಷ್ಟು ದೊಡ್ಡದಿರಬೇಕು ಅಂತ ಹೊಂದಿಸಲು ಮಷಿನ್‌ನಲ್ಲಿ ಒಂದು ಡಯಲ್ ಇರುತ್ತದೆ. ಸಣ್ಣ ದಾರಕ್ಕೆ ಅದನ್ನು ಕಡಿಮೆ ಇಡು ಅಂತ ಎಲ್ಲರೂ ಹೇಳಿಕೊಡುತ್ತಾರೆ. ಡಯಲ್ ಇರುವುದು 0ಯಿಂದ 10ರವರೆಗೆ. 2ಕ್ಕೆ ಇಟ್ಟರೆ ಬನಿಯನ್ ಥರದ ಬಟ್ಟೆ ಬರುತ್ತದೆ. 5ರ ಹತ್ತಿರ ತಂದರೆ ಕುಣಿಕೆ ದೊಡ್ಡದಾಗುತ್ತದೆ, ದಾರ ಅಷ್ಟೇ ಇರುತ್ತದೆ, ನಡುವೆ ಗಾಳಿ ಸೇರಿಕೊಳ್ಳುತ್ತದೆ. ಅಲ್ಲಿಗೆ ಅರ್ಧ ಕೆಲಸ ಆಯಿತು. ಆಮೇಲೆ ಒಂದು ಸೂಜಿಯ ಕುಣಿಕೆಯನ್ನು ಪಕ್ಕದ ಸೂಜಿಗೆ ದಾಟಿಸಬೇಕು. ಖಾಲಿಯಾದ ಸೂಜಿಯನ್ನು ಅಲ್ಲೇ ಬಿಟ್ಟು, ಸೂಜಿಗಳ ಮೇಲೆ ಅತ್ತಿತ್ತ ಓಡಿಸುವ ಕ್ಯಾರೇಜ್ ಎಳೆದರೆ ಆ ಜಾಗದಲ್ಲಿ ತೂತು. ಕೈಯಲ್ಲಿ ದಾಟಿಸಬಹುದು. ತೂತು ಹೊಡೆದ ಕಾರ್ಡ್ ನೋಡಿ ಡಿಸೈನ್ ಹಾಕುವ ಪಂಚ್‌ಕಾರ್ಡ್ ಮಷಿನ್‌ಗೆ ಲೇಸ್ ಕ್ಯಾರೇಜ್ ಇದ್ದರೆ ಅದೇ ದಾಟಿಸುತ್ತದೆ, ಡಿಸೈನ್ 24 ಸೂಜಿಗೊಮ್ಮೆ ಮರುಕಳಿಸುತ್ತದೆ. ಉಲ್ಲನ್ ಹಿಗ್ಗುತ್ತದೆ, ಹತ್ತಿ ಹಿಗ್ಗುವುದಿಲ್ಲ. ಡಯಲ್ ಬಿಗಿ ಇದ್ದರೆ ದಾಟಿಸುವಾಗಲೇ ದಾರ ಪಟ್ ಅನ್ನುತ್ತದೆ. ಕೆಳಗೆ ತೂಗುಬಿಡುವ ತೂಕ ಜಾಸ್ತಿಯಾದರೆ ಕುಣಿಕೆ ಎಳೆದುಕೊಳ್ಳುತ್ತದೆ, ಕಡಿಮೆಯಾದರೆ ಸೂಜಿಯಿಂದ ಹಾರುತ್ತದೆ. ಸೂಜಿಗಳನ್ನು ಒತ್ತಿ ಹಿಡಿಯುವ ಸ್ಪಂಜ್ ಪಟ್ಟಿ ಹಳೆಯದಾಗಿ ಚಪ್ಪಟೆಯಾಗಿದ್ದರಂತೂ ಕೇಳಲೇಬೇಡಿ. ದಪ್ಪ ದಾರದಲ್ಲಿ ಹೇಗೋ ನಡೆದುಹೋಗುತ್ತದೆ, ಸಣ್ಣ ದಾರದಲ್ಲಿ ಸಾಲಿಗೊಂದು ಕುಣಿಕೆ ತಪ್ಪುತ್ತದೆ.

ಇಷ್ಟೆಲ್ಲ ಆಗಿ ಮಷಿನ್‌ನಿಂದ ಇಳಿದ ಬಟ್ಟೆ ನೋಡಿದರೆ ಅಳು ಬರುತ್ತದೆ. ಮುದುಡಿ, ಅಂಚು ಸುರುಳಿ ಸುತ್ತಿಕೊಂಡಿರುತ್ತದೆ. ಒದ್ದೆ ಮಾಡಿ, ಟವೆಲ್ ಮೇಲೆ ಎಳೆದು ಸುತ್ತ ಪಿನ್ ಚುಚ್ಚಿ ಒಣಗಿಸಿದ ಮೇಲೆಯೇ ತೂತುಗಳು ಬಾಯಿ ಬಿಡುವುದು.

ದೊಡ್ಡಮ್ಮನ ಮನೆಯಲ್ಲಿ ಅಕ್ಕನಿಗೆ ಇದನ್ನು ತೋರಿಸಲು ಕೂತೆ. ಮೇಲೆ ಫ್ಯಾನ್. ದಾರ ಕೋನ್‌ನಿಂದ ಮೇಲೆದ್ದು ಮಷಿನ್‌ಗೆ ಬರುವ ಮೊದಲೇ ಹಾರಿ, ದಾರ ಎತ್ತಿ ಹಿಡಿಯುವ ತಂತಿಗೆ ಸುತ್ತಿಕೊಳ್ಳುತ್ತಿತ್ತು. ಫ್ಯಾನ್ ಆರಿಸಿದರೆ ಬೆವರಿಗೆ ದಾರ ಬೆರಳಿಗೆ ಅಂಟುತ್ತಿತ್ತು. ಕೊನೆಗೆ ಬೆಳಗಿನ ಜಾವ ಹಾಲು ಬರುವ ಮೊದಲು ಕೂತು ಒಂದು ಗೇಣು ತೆಗೆದೆವು. ಅಕ್ಕ ಅದನ್ನು ಕೊರಳಿಗೆ ಸುತ್ತಿಕೊಂಡು ಕನ್ನಡಿಯಲ್ಲಿ ನೋಡಿಕೊಂಡಳು, "ತಣ್ಣಗೈತಲೇ" ಅಂದಳು. ಆ ಮಾತು ನನಗೆ ಸಾಕಿತ್ತು. ಇಷ್ಟು ಸೆಕೆಯ ಊರಿನಲ್ಲಿ ಇಂಥ ಬಟ್ಟೆಗೆ ಬೆಲೆ ಇಲ್ಲ, ಜುಲೈನಲ್ಲೂ ಕಾರ್ಡಿಗನ್ ಹಾಕುವ ನಾಟಿಂಗ್‌ಹ್ಯಾಮ್‌ನಲ್ಲಿ ಇದೆ. ಇದಕ್ಕೆ ಹವಾಮಾನ ಕಾರಣವಲ್ಲ, ಅಭ್ಯಾಸ. ನಮ್ಮೂರಿನ ಈ ಹಟ ನನಗೆ ಹಿಡಿಸುವುದಿಲ್ಲ.

ಆದರೂ ಹೇಳಬೇಕಾದದ್ದು ಹೇಳಬೇಕು. ಇಲ್ಲಿನ ಹೆಂಗಸರ ಶಾಲುಗಳು ಹೆಚ್ಚಾಗಿ ಟಿಶ್ಯೂ ಪೇಪರಿನಲ್ಲಿ ಸುತ್ತಿ ಡ್ರಾಯರ್‌ನಲ್ಲೇ ಇರುತ್ತವೆ. ತೋರಿಸಲು ತೆಗೆಯುತ್ತಾರೆ, ಮತ್ತೆ ಸುತ್ತಿಡುತ್ತಾರೆ. ನಮ್ಮ ಮನೆಯಲ್ಲಿ ಬಟ್ಟೆಗೆ ಆ ಭಾಗ್ಯ ಇಲ್ಲ. ಬಳೆ, ಕಾಲುಂಗುರ, ಬಾಗಿಲ ಚಿಲಕ, ಮೊಮ್ಮಕ್ಕಳ ಕೈ, ಕೊನೆಗೆ ಒಗೆಯುವ ಕಲ್ಲು. ದೊಡ್ಡಮ್ಮನ ಬಳೆಗೆ ಮೊದಲ ದಿನವೇ ಒಂದು ಕುಣಿಕೆ ಸಿಕ್ಕಿತ್ತು.

ಸಣ್ಣ ದಾರದ ಕೆಲಸ ನಮ್ಮವರಿಗೆ ಗೊತ್ತಿಲ್ಲ ಅಂತಲೂ ಅನ್ನುವಂತಿಲ್ಲ. ಅಕ್ಕನ ಪಕ್ಕದ ಮನೆಯವರು ಸೀರೆ ಕುಚ್ಚು ಹಾಕುತ್ತಾರೆ. ರೇಷ್ಮೆ ಎಳೆ ಸೇರಿಸಿ, ಕ್ರೋಶಾ ಕಡ್ಡಿಯಲ್ಲಿ ಅವರು ತೆಗೆಯುವ ಬುಟ್ಟಿ ಕುಚ್ಚಿನ ಮುಂದೆ ನನ್ನ ಪಂಚ್‌ಕಾರ್ಡ್ ಸುಮ್ನೆ ಕೂರಬೇಕು. ಕಣ್ಣು ಕೀಳುವ ಕೆಲಸ, ಸಿಗುವ ಕೂಲಿ ಕೇಳಿದರೆ ಬೇಜಾರಾಗುತ್ತದೆ.

ಕೂಲಿಯ ಮಾತನ್ನೇ ಅಕ್ಕನೂ ಎತ್ತಿದ್ದು. ಮೊನ್ನೆ ಫೋನ್‌ನಲ್ಲಿ, "ಸ್ವೆಟರ್‌ಗೆ ರೇಟು ಗೊತ್ತೈತಿ, ಶಾಲೆಯವರು ಕೊಡ್ತಾರ. ನಿನ್ನ ಶಾಲಿಗೆ ಯಾರು ಕೊಡ್ತಾರ, ಹೇಳು" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತಿ ದಾರದ ಕೋನ್ ಕಳಿಸುತ್ತೇನೆ, ಬಿಡುವಾದಾಗ ಮಾಡು ಅಂದೆ. "ಕೋನ್ ಇರಲಿ, ಮೊದಲು ಆ ಸ್ಪಂಜ್ ಪಟ್ಟಿ ಕಳಿಸು. ಸ್ವೆಟರ್‌ನಾಗೂ ಕುಣಿಕೆ ತಪ್ಪಾಕ ಹತ್ಯಾವು" ಅಂದಳು. ಎರಡನ್ನೂ ಒಂದೇ ಪಾರ್ಸೆಲ್‌ನಲ್ಲಿ ಹಾಕುತ್ತಿದ್ದೇನೆ.